ಬೋರ್ಡಿಂಗ್ ಬೇಡ ಎನ್ನುವವರಿಗೆ

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನಿಂದ ಪುಣೆಗೆ, ಬೆಳಗಾವಿಗೆ ಓದಲು ಹೋಗುವ ಮಕ್ಕಳಿಗೆ ತಾಲೂಕಿನ ಜನರೇ ಸೇರಿ ಒಂದೊಂದು ಬೋರ್ಡಿಂಗ್ ನಡೆಸಬೇಕು, ಅದಕ್ಕೆ ಯಾವ ಜಾತಿಯ ಹೆಸರೂ ಇರಬಾರದು ಎಂಬ ಮಾತನ್ನು ನೇಸರಿಯಲ್ಲಿ ನಾವು ಕೆಲವರು ಆಡುತ್ತ ಬಂದಿದ್ದೇವೆ. ವಿರೋಧ ಬಂದೀತೆಂದು ಗೊತ್ತಿತ್ತು, ಬಂದಿದೆ. ಎದುರು ನಿಂತು ಹೇಳಿದವರುಂಟು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರ ಕಿವಿಗೆ ಹೇಳಿದವರೂ ಉಂಟು. ಇವರಲ್ಲಿ ಹಲವರು ತಮ್ಮ ಕಾಲದಲ್ಲಿ ಕೊಲ್ಹಾಪುರದ ಬೋರ್ಡಿಂಗುಗಳ ಅನ್ನ ಉಂಡೇ ಮೇಲೆ ಬಂದವರು. ಹಾಗಾಗಿ ಅವರ ಮಾತಿಗೆ ಉತ್ತರ ಕೊಡದೆ ಬಿಡುವಂತಿಲ್ಲ.

ಎಲ್ಲಕ್ಕಿಂತ ಜೋರಾಗಿ ಕೇಳಿಬರುವ ಆಕ್ಷೇಪ ಇದು: ‘ಬೋರ್ಡಿಂಗ್ ಎಂದರೆ ಜಾತಿ. ಮರಾಠರದೊಂದು, ಜೈನರದೊಂದು, ಲಿಂಗಾಯತರದೊಂದು ಎಂದು ಕಟ್ಟಿ ಕೊಲ್ಹಾಪುರ ಹುಡುಗರಿಗೆ ಮೊದಲು ಜಾತಿ ಕಲಿಸಿತು, ಆಮೇಲೆ ಗಣಿತ. ಆ ಕಾಲ ಮುಗಿಯಿತು, ಅದನ್ನು ಮತ್ತೆ ಎಬ್ಬಿಸಬೇಡಿ.’

ಕೊಲ್ಹಾಪುರದಲ್ಲಿ ನಡೆದದ್ದು ಬೇರೆ. 1894ರಲ್ಲಿ ಪಟ್ಟಕ್ಕೆ ಬಂದ ಶಾಹೂ ಮಹಾರಾಜರು ಮೊದಲು ಮಾಡಿದ್ದು ಜಾತಿಯ ಬೋರ್ಡಿಂಗ್ ಅಲ್ಲವೇ ಅಲ್ಲ. 1896ರಲ್ಲಿ ರಾಜಾರಾಮ ಕಾಲೇಜಿನ ಹುಡುಗರಿಗೆಂದು ಎಲ್ಲ ಜಾತಿಯವರಿಗೂ ಸೇರಿದ ವಸತಿಗೃಹವನ್ನೇ ತೆರೆದರು. ಬಾಗಿಲು ಎಲ್ಲರಿಗೂ ತೆರೆದಿತ್ತು, ಆದರೆ ಒಳಗೆ ತುಂಬಿಕೊಂಡವರು ಬ್ರಾಹ್ಮಣ ವಿದ್ಯಾರ್ಥಿಗಳು. ಹಳ್ಳಿಯ ಕುಣಬಿಯ ಮಗ ಅಲ್ಲಿಗೆ ಬರಲಿಲ್ಲ. ಬಂದರೂ ಊಟದ ಪಂಕ್ತಿಯಲ್ಲಿ ಅವನ ಎಲೆ ಎಲ್ಲಿ ಬೀಳುತ್ತದೆ ಎಂಬುದು ಅವನಿಗೂ ಗೊತ್ತಿತ್ತು, ಅಡುಗೆಯವನಿಗೂ ಗೊತ್ತಿತ್ತು. ಆ ಪ್ರಯೋಗ ಕೈಕೊಟ್ಟ ಮೇಲೆಯೇ ದಾರಿ ಬದಲಾದದ್ದು. 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್, ಅದೇ ವರ್ಷ ಜೈನ ಬೋರ್ಡಿಂಗ್, 1906ರಲ್ಲಿ ಮುಸ್ಲಿಂ ಬೋರ್ಡಿಂಗ್, 1907ರಲ್ಲಿ ವೀರಶೈವ ಲಿಂಗಾಯತರದ್ದು, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಈ ಕೊನೆಯದಕ್ಕೆ ಮುಂಬೈ ಗವರ್ನರ್ ಸರ್ ಜಾರ್ಜ್ ಕ್ಲಾರ್ಕರ ಮಗಳ ಹೆಸರು. ಕೊಲ್ಹಾಪುರಕ್ಕೆ ‘ವಿದ್ಯಾರ್ಥಿ ವಸತಿಗೃಹಗಳ ತಾಯಿ’ ಎಂಬ ಬಿರುದು ಬಂದದ್ದು ಹೀಗೆ. ಆಗ ಜಾತಿ ಬೋರ್ಡಿಂಗಿನೊಳಗೆ ಹುಟ್ಟಿದ ಕೂಸಾಗಿರಲಿಲ್ಲ, ಊರ ತುಂಬ ಇತ್ತು. ಬೋರ್ಡಿಂಗಿನಿಂದ ಆದದ್ದಿಷ್ಟೇ: ಅಲ್ಲಿಯವರೆಗೆ ಊರು ಬಿಡದಿದ್ದ ಮಕ್ಕಳು ಊರು ಬಿಟ್ಟು ಓದಿದರು.

ಹಾಗಾದರೆ ಈ ಬೋರ್ಡಿಂಗುಗಳಲ್ಲಿ ದೋಷ ಇರಲಿಲ್ಲವೇ? ಇತ್ತು. ಅದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯವರೇ. ಹಾತಕಣಂಗಲೆ ತಾಲೂಕಿನ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನ ಹುಡುಗ. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿ ಬಂದರು. ಮೈಲಿಗೆಯಾಯಿತು, ಸ್ನಾನ ಮಾಡಿ ಒಳಗೆ ಬಾ ಎಂದರು ಮೇಲಿನವರು. ಹುಡುಗ ಸ್ನಾನ ಮಾಡಲೊಲ್ಲೆನೆಂದ. ಬೋರ್ಡಿಂಗಿನಿಂದ ಹೊರಗೆ ಬಿದ್ದ. ಹೊರಬಿದ್ದವನು ಬೋರ್ಡಿಂಗ್ ಎಂಬುದೇ ಕೆಟ್ಟದ್ದು ಎಂದು ಕೈತೊಳೆದುಕೊಳ್ಳಲಿಲ್ಲ. 1919ರಲ್ಲಿ ಕರಾಡದ ಹತ್ತಿರದ ಕಾಲೆಯಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರದಲ್ಲಿ ಬೋರ್ಡಿಂಗ್ ತೆರೆದರು. 1927ರಲ್ಲಿ ಗಾಂಧೀಜಿ ಬಂದು ಅದಕ್ಕೆ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂದು ಹೆಸರಿಟ್ಟರು. ಅಲ್ಲಿ ಮರಾಠ, ಮಹಾರ, ಮುಸಲ್ಮಾನ, ಜೈನ ಹುಡುಗರು ಒಂದೇ ಒಲೆಯ ಅಡುಗೆ ಉಂಡರು, ದುಡಿದು ಕಲಿತರು. ಅಲ್ಲಿ ಅಕ್ಕಿಬೇಳೆ ಮುಗಿದಾಗ ಭಾವೂರಾವರ ಪತ್ನಿ ಲಕ್ಷ್ಮೀಬಾಯಿ ಕೊರಳಿನ ಮಂಗಳಸೂತ್ರವನ್ನೇ ತೆಗೆದುಕೊಟ್ಟರು.

ಜಾತಿಯ ಬೋರ್ಡಿಂಗಿಗೆ ಉತ್ತರ ಎಲ್ಲರ ಬೋರ್ಡಿಂಗ್ ಎಂದು ಒಂದು ನೂರು ವರ್ಷದ ಹಿಂದೆಯೇ ನಮ್ಮ ಜಿಲ್ಲೆಯ ಮನುಷ್ಯ ಮಾಡಿ ತೋರಿಸಿರುವಾಗ, ಅದಕ್ಕೆ ಉತ್ತರ ‘ಬೋರ್ಡಿಂಗೇ ಬೇಡ’ ಎನ್ನುವವರು ಯಾರ ಕಡೆ ನಿಂತಿದ್ದಾರೆ? ನಮ್ಮ ಪ್ರಸ್ತಾಪದಲ್ಲಿ ತಾಲೂಕಿನ ಹೆಸರಿದೆ, ಜಾತಿಯ ಹೆಸರಿಲ್ಲ. ಜಾತಿ ಬಿಟ್ಟರೆ ದೇಣಿಗೆ ಹುಟ್ಟುವುದಿಲ್ಲ ಎಂದು ಕೆಲವರು ಮೆಲ್ಲಗೆ ಸೇರಿಸುತ್ತಾರೆ. ಪುಣೆಯಲ್ಲಿ 1955ರಲ್ಲಿ ಡಾ. ಅಚ್ಯುತರಾವ್ ಆಪಟೆಯವರು ಶುರು ಮಾಡಿದ ವಿದ್ಯಾರ್ಥಿ ಸಹಾಯ್ಯಕ ಸಮಿತಿ ಹಳ್ಳಿಯ ಬಡ ಮಕ್ಕಳನ್ನು ಜಾತಿ ಕೇಳದೆ ಇಟ್ಟುಕೊಂಡು ಬಂದಿದೆ. ದೇಣಿಗೆ ಹುಟ್ಟಿದೆ, ಸಂಸ್ಥೆಯೂ ನಿಂತಿದೆ.

ಎರಡನೆಯ ಗುಂಪು ಹೊಸ ಕಾಲದವರದು. ‘ಈಗ ಪಿಜಿ ಇದೆ, ಫೋನಿನಲ್ಲಿ ಆ್ಯಪ್ ಇದೆ, ದುಡ್ಡು ಕೊಟ್ಟರೆ ಸಾಯಂಕಾಲದೊಳಗೆ ಖೋಲಿ ಸಿಗುತ್ತದೆ’ ಎನ್ನುತ್ತಾರೆ. ಸಿಗುತ್ತದೆ, ನಿಜ. ಏನು ಸಿಗುತ್ತದೆ ಎಂದು ನೋಡೋಣ. ಪುಣೆಯ ಸದಾಶಿವ ಪೇಟೆ, ನಾರಾಯಣ ಪೇಟೆಗಳಲ್ಲಿ ಎಂಪಿಎಸ್‌ಸಿ ಓದುವ ಹುಡುಗರಿಗೆ ಸಿಗುವುದು ಖೋಲಿಯಲ್ಲ, ಕಾಟು. ಅಲ್ಲಿಯ ಮಾತಿನಲ್ಲೇ ‘ಕಾಟ್ ಬೇಸಿಸ್’. ಹಳೆಯ ವಾಡೆಯ ಮೇಲಂತಸ್ತಿನ ಒಂದು ಕೋಣೆಯಲ್ಲಿ ಕಬ್ಬಿಣದ ಮಂಚಗಳು, ಮಂಚದ ಕೆಳಗೆ ಟ್ರಂಕು, ಮಂಚದ ತಲೆಗೆ ಕಟ್ಟಿದ ಹಗ್ಗದ ಮೇಲೆ ಟವೆಲ್ಲು. ಓದಲು ಜಾಗವಿಲ್ಲ, ಅದಕ್ಕೆ ಬೇರೆ ದುಡ್ಡು ಕೊಟ್ಟು ಅಭ್ಯಾಸಿಕೆಯಲ್ಲಿ ಕುರ್ಚಿ ಹಿಡಿಯಬೇಕು. ಊಟಕ್ಕೆ ಮೆಸ್ಸು, ಅದಕ್ಕೂ ಬೇರೆ ದುಡ್ಡು. ಮಲಗುವುದು ಒಂದು ಕಡೆ, ಓದುವುದು ಒಂದು ಕಡೆ, ಉಣ್ಣುವುದು ಮತ್ತೊಂದು ಕಡೆ, ಮೂರು ಕಡೆಯೂ ಮುಂಗಡ.

ಇದಕ್ಕೆ ಕರಾರುಪತ್ರ ಕೇಳಿ ನೋಡಿ, ಕೊಡುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಪ್ರತಿಯೊಂದು ಬಾಡಿಗೆ ಕರಾರೂ ಬರಹದಲ್ಲಿರಬೇಕು, ನೋಂದಣಿಯಾಗಿರಬೇಕು, ನೋಂದಣಿ ಮಾಡಿಸುವ ಹೊಣೆ ಮಾಲೀಕನದು. ಮಾಡಿಸದಿದ್ದರೆ, ಬೇರೆ ಪುರಾವೆ ಸಿಗುವ ತನಕ, ಷರತ್ತು ಹೀಗಿತ್ತು ಎಂದು ಬಾಡಿಗೆದಾರ ಹೇಳಿದ್ದೇ ಕಾನೂನಿನ ಕಣ್ಣಿಗೆ ನಿಜ. ಇಷ್ಟು ಬಲವಾದ ಕಲಮು ಕೈಯಲ್ಲಿದ್ದೂ ಹತ್ತೊಂಬತ್ತು ವರ್ಷದ ಹುಡುಗ ಅದನ್ನು ಬಾಯಿಬಿಟ್ಟು ಹೇಳಲಾರ, ಏಕೆಂದರೆ ಅವನ ಕಾಟಿಗೆ ಕೆಳಗೆ ಇನ್ನೊಬ್ಬ ಕಾಯುತ್ತಿರುತ್ತಾನೆ.

ಬೆಂಗಳೂರಿನದು ಇನ್ನೊಂದು ರೀತಿ. ಅಲ್ಲಿಯ ಪಾಲಿಕೆ 2024ರಲ್ಲಿ ಪಿಜಿಗಳಿಗೆ ನಿಯಮ ತಂದಿತು. ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆ ಇದ್ದರೆ ಆಹಾರ ಸುರಕ್ಷತೆಯ ಪರವಾನಗಿ. ಎಪ್ಪತ್ತು ಚದರ ಅಡಿ ಎಂದರೆ ಏಳಡಿ ಅಗಲ, ಹತ್ತಡಿ ಉದ್ದ. ಇಷ್ಟನ್ನು ನಿಯಮ ಮಾಡಿ ಹೇಳಬೇಕಾಯಿತೆಂದರೆ ಅದಕ್ಕೂ ಮೊದಲು ಎಷ್ಟಿತ್ತೆಂದು ಓದುಗರೇ ಅಂದಾಜು ಮಾಡಿಕೊಳ್ಳಲಿ. ಪಿಜಿ ಬೇಡವೆಂದು ನಾನು ಹೇಳುತ್ತಿಲ್ಲ. ಸಂಬಳದ ನೌಕರನಿಗೆ ಅದು ಸರಿಯೇ. ಜೂನ್ ತಿಂಗಳಲ್ಲಿ ಕಬ್ಬಿನ ಬಿಲ್ಲು ಬರುತ್ತದೋ ಇಲ್ಲವೋ ಎಂದು ನೋಡಿ ಮಗಳ ಪ್ರವೇಶ ನಿಶ್ಚಯಿಸುವ ಮನೆಗೆ ಪಿಜಿ ಸರಿಯಲ್ಲ.

ಪಿಜಿಯ ಜೊತೆಗೇ ಬರುವ ಇನ್ನೊಂದು ವಾದವಿದೆ, ಸ್ವಲ್ಪ ಹಳೆಯದು: ‘ಮನೆ ಮಾಲೀಕನದು. ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂಬುದು ಅವನ ಹಕ್ಕು. ಅದರಲ್ಲಿ ಸಮಾಜ ಏಕೆ ತಲೆ ಹಾಕಬೇಕು?’

ಪುಣೆಯಲ್ಲಿ ಜಾತಿ ಯಾವುದೆಂದು ಯಾರೂ ನೇರ ಕೇಳುವುದಿಲ್ಲ. ‘ಪೂರ್ಣ ನಾಂವ ಸಾಂಗಾ’, ಪೂರ್ತಿ ಹೆಸರು ಹೇಳಿ, ಎನ್ನುತ್ತಾರೆ. ಅಡ್ಡಹೆಸರು ಕೇಳಿದ ಮೇಲೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ‘ಕಾಕಾಂಚಾ ಮುಲಗಾ ಯೇಣಾರ ಆಹೆ’, ಅಂದರೆ ಕಾಕಾನ ಮಗ ಬರುವವನಿದ್ದಾನೆ, ಖೋಲಿ ಖಾಲಿ ಇಲ್ಲ. ಮುಸಲ್ಮಾನ ಹುಡುಗನಿಗೆ ಆ ಕಾಕಾನ ಮಗನ ನೆಪವೂ ಬೇಕಾಗುವುದಿಲ್ಲ, ಫೋನಿನಲ್ಲೇ ಮುಗಿಯುತ್ತದೆ. ಮಾಂಸ ತಿನ್ನುವವರಿಗಿಲ್ಲ ಎಂಬ ಫಲಕ ಅಡುಗೆಯ ವಾಸನೆಗಾಗಿ ಅಷ್ಟೇ ಎಂದು ನಂಬುವಷ್ಟು ಮುಗ್ಧರು ನಾವಾರೂ ಅಲ್ಲ. 1917ರಲ್ಲಿ ಪರದೇಶದಲ್ಲಿ ಓದಿ ಬಂದ ಅಂಬೇಡ್ಕರರು ಬರೋಡಾದಲ್ಲಿ ಸರಕಾರಿ ಕೆಲಸದಲ್ಲಿದ್ದೂ ತಂಗಲು ಜಾಗ ಸಿಗದೆ ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದರು. ಗೊತ್ತಾದಾಗ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಮೂರು ವರ್ಷದ ಮೇಲೆ ಇದೇ ಕೊಲ್ಹಾಪುರ ಸಂಸ್ಥಾನದ ಮಾಣಗಾಂವದ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ಅವರನ್ನು ನಿಮ್ಮ ನಾಯಕರೆಂದು ಜನಕ್ಕೆ ತೋರಿಸಿದರು. 1925ರಲ್ಲಿ ಸೊಲ್ಲಾಪುರದಲ್ಲಿ ಅಂಬೇಡ್ಕರರ ಬಹಿಷ್ಕೃತ ಹಿತಕಾರಿಣಿ ಸಭೆ ವಿದ್ಯಾರ್ಥಿಗಳಿಗೆ ವಸತಿಗೃಹ ತೆರೆಯಿತು. ಖೋಲಿ ಸಿಗದ ಕಷ್ಟ ಅವರಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

ಕಾನೂನು ಮಾಲೀಕನ ಕಡೆಗಿದೆ ಎಂಬುದನ್ನು ಒಪ್ಪುತ್ತೇನೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಂದು ಎಣಿಸುತ್ತದೆ, ಬಾಡಿಗೆ ಮನೆ ಎನ್ನುವುದಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘಕ್ಕೆ ತಮ್ಮವರನ್ನು ಮಾತ್ರ ಸದಸ್ಯರಾಗಿ ಮಾಡಿಕೊಳ್ಳಲು ಅಡ್ಡಿಯಿಲ್ಲ ಎಂದಿತು. ಆದರೆ ಪಿಜಿಯ ಮಾಲೀಕ ಈ ಹಕ್ಕಿನ ಮರೆಯಲ್ಲಿ ನಿಲ್ಲುವಂತಿಲ್ಲ. ಅವನು ಪಾಲಿಕೆಯಿಂದ ವ್ಯಾಪಾರದ ಪರವಾನಗಿ ಪಡೆದವನು. 2023ರಲ್ಲಿ ಕರ್ನಾಟಕದ ಜಿಎಸ್‌ಟಿ ಪ್ರಾಧಿಕಾರ ಪಿಜಿ, ಹಾಸ್ಟೆಲುಗಳು ವಾಸದ ಮನೆಗಳಲ್ಲ, ಶೇ 12 ತೆರಿಗೆ ಕಟ್ಟಿ ಎಂದಾಗ ಇದು ಮನೆಯೇ ಎಂಬ ವಾದ ಎದ್ದಿತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ತಿಂಗಳಿಗೆ 20,000 ರೂಪಾಯಿಯೊಳಗಿನ, 90 ದಿನಕ್ಕೆ ಕಡಿಮೆಯಿಲ್ಲದ ವಾಸಕ್ಕೆ ವಿನಾಯಿತಿ ಕೊಟ್ಟಿತು, ಒಳ್ಳೆಯದಾಯಿತು. ತೆರಿಗೆಯವನು ಬಂದಾಗ ಮನೆ, ಹುಡುಗ ಠೇವಣಿ ವಾಪಸು ಕೇಳಿದಾಗ ವ್ಯಾಪಾರ, ಅಡ್ಡಹೆಸರು ಕೇಳುವಾಗ ಮತ್ತೆ ಮನೆ! ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ. ಅವರು ಆರಿಸಿಕೊಳ್ಳುವ ತನಕ ನಮ್ಮ ಮಕ್ಕಳು ರಸ್ತೆಯ ಮೇಲೆ ಇರಲಾರರು, ಅದಕ್ಕೇ ಬೋರ್ಡಿಂಗ್.

ಸರಕಾರ ಹಣ ಕೊಡುತ್ತದಲ್ಲ ಎಂಬುದು ಮೂರನೆಯ ಮಾತು. ಕೊಡುತ್ತದೆ. ಸರಕಾರಿ ವಸತಿಗೃಹದಲ್ಲಿ ಜಾಗ ಸಿಗದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರದಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರ ಸ್ವಾಧಾರ ಯೋಜನೆ ಇದೆ. ಮುಂಬೈ, ಪುಣೆಯಂಥ ನಗರಕ್ಕೆ ವರ್ಷಕ್ಕೆ 60,000 ರೂಪಾಯಿ. ಅದರಲ್ಲಿ ಊಟಕ್ಕೆ 32,000, ವಸತಿಗೆ 20,000, ಉಳಿದದ್ದು ಇತರ ಖರ್ಚಿಗೆ. ವಸತಿಯ 20,000ವನ್ನು ಓದಿನ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಎರಡು ಸಾವಿರ. ಎರಡು ಸಾವಿರಕ್ಕೆ ಪುಣೆಯಲ್ಲಿ ಎಲ್ಲಿ ಖೋಲಿ ಸಿಗುತ್ತದೆಂದು ಈ ಮಾತು ಹೇಳುವವರು ವಿಳಾಸ ಕೊಡಲಿ, ನಾವೇ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಅರ್ಜಿಯ ಜೊತೆ ಬಾಡಿಗೆಯ ಕಾಗದ ಬೇಕು. ಕಾಟ್ ಬೇಸಿಸ್‌ನವನು ಕಾಗದ ಕೊಡುವುದಿಲ್ಲವೆಂದು ಆಗಲೇ ಹೇಳಿದೆ. ಬಾಡಿಗೆ ತಿಂಗಳ ಮೊದಲ ವಾರಕ್ಕೇ ಬೇಕು, ಸಹಾಯಧನ ಹಾಜರಿ ನೋಡಿದ ಮೇಲೆ, ಕಂತಿನಲ್ಲಿ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಅಪ್ಪ ಸಾಲ ಮಾಡಿರುತ್ತಾನೆ, ಬಡ್ಡಿಗೆ ಯಾವ ಯೋಜನೆಯೂ ಇಲ್ಲ.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 2024–25ರಿಂದ ವಾರ್ಷಿಕ ಎಂಟು ಲಕ್ಷದೊಳಗೆ ಆದಾಯವಿರುವ ಮನೆಯ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕವನ್ನು ಮಹಾರಾಷ್ಟ್ರ ಸರಕಾರ ಪೂರ್ತಿ ಮಾಫಿ ಮಾಡಿದೆ. ಇದು ದೊಡ್ಡ ಕೆಲಸ, ಹೊಗಳಲೇಬೇಕು. ಆದರೆ ಫೀ ಮಾಫಿಯಾದ ಹುಡುಗಿ ರಾತ್ರಿ ಎಲ್ಲಿ ಮಲಗಬೇಕು? ನಮ್ಮ ಕಡೆಯ ಅವ್ವಂದಿರು ಕಾಲೇಜಿನ ಹೆಸರು ಕೇಳುವ ಮೊದಲು ಕೇಳುವುದು ಇದನ್ನೇ. ‘ಇರೂದ ಎಲ್ಲಿ? ಜೊತಿಗೆ ಯಾರ ಇರತಾರ?’ ಇದಕ್ಕೆ ಸಮಾಧಾನದ ಉತ್ತರ ಸಿಗದೆ ಫೀ ಇಲ್ಲದ ಸೀಟನ್ನೂ ಬಿಟ್ಟ ಹುಡುಗಿಯರು ನಮ್ಮ ಸುತ್ತ ಇದ್ದಾರೆ. ಅವರ ಹೆಸರು ಬರೆಯುವುದು ಸರಿಯಲ್ಲ, ಬರೆಯುವುದಿಲ್ಲ.

ಬೆಳಗಾವಿಯ ಮಾತು ಬೇರೆ ಹೇಳಬೇಕು. ನೇಸರಿಗೆ ಕೊಲ್ಹಾಪುರಕ್ಕಿಂತ ಬೆಳಗಾವಿ ಹತ್ತಿರ. ಆಸ್ಪತ್ರೆಗೆ, ಬಂಗಾರಕ್ಕೆ, ಮದುವೆಯ ಜವಳಿಗೆ ನಾವು ಹೋಗುವುದು ಅಲ್ಲಿಗೇ. ಓದಲು ಹೋದರೆ ಮಾತ್ರ ನಡುವೆ ಗಡಿ ಎದ್ದು ನಿಲ್ಲುತ್ತದೆ. ಸ್ವಾಧಾರ ಮಹಾರಾಷ್ಟ್ರದ ಕಾಲೇಜಿಗೆ ಮಾತ್ರ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಕರ್ನಾಟಕ ಕೊಡುವ ವಿದ್ಯಾಸಿರಿ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಬಸ್ಸಿನ ಕತೆಯೂ ಅದೇ. 2023ರಿಂದ ಮಹಾರಾಷ್ಟ್ರದ ಎಸ್.ಟಿ.ಯಲ್ಲಿ ಹೆಂಗಸರಿಗೆ ಅರ್ಧ ಟಿಕೇಟು, ಕರ್ನಾಟಕದ ಬಸ್ಸಿನಲ್ಲಿ ಅಲ್ಲಿಯ ನಿವಾಸಿಗಳಿಗೆ ಟಿಕೇಟೇ ಇಲ್ಲ. ನಮ್ಮ ಹುಡುಗಿ ಗಡಿ ದಾಟಿ ಕೆಂಪು ಬಸ್ಸು ಹತ್ತಿದರೆ ಪಕ್ಕದವಳು ಆಧಾರ್ ಕಾರ್ಡು ತೋರಿಸುತ್ತಾಳೆ, ಇವಳು ಪರ್ಸು ತೆಗೆಯುತ್ತಾಳೆ. ಎರಡು ಸರಕಾರಗಳ ಹಣವೂ ತಲುಪದ ಈ ಹತ್ತಿರದ ನಗರದಲ್ಲಿ ಬೋರ್ಡಿಂಗ್ ಮೊದಲು ಬೇಕು ಎಂದು ನನ್ನ ಅಭಿಪ್ರಾಯ. ಪುಣೆ ಆಮೇಲೆ ಬಂದರೂ ನಡೆದೀತು. ನಮ್ಮ ಗುಂಪಿನಲ್ಲೇ ಇದನ್ನು ಒಪ್ಪದವರಿದ್ದಾರೆ.

‘ಊರು ಬಿಟ್ಟು ಹೋಗುವುದೇಕೆ? ನೇಸರಿಯಲ್ಲೇ ಕಾಲೇಜಿದೆ, ಗಡಹಿಂಗ್ಲಜದಲ್ಲಿ ಎರಡು ದೊಡ್ಡ ಕಾಲೇಜುಗಳಿವೆ, ಇಚಲಕರಂಜಿಯಲ್ಲಿ ಇಂಜಿನಿಯರಿಂಗ್ ಇದೆ’ ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಹೀಗೆ ಹೇಳುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ಕೇಳಿ.

ಭಾಷೆಯ ಜಗಳ ಮಾತ್ರ ಸಣ್ಣದಲ್ಲ. ಪುಣೆಯ ಬೋರ್ಡಿಂಗಿನ ಫಲಕ ಯಾವ ಭಾಷೆಯಲ್ಲಿ, ಬೆಳಗಾವಿಯದು ಯಾವ ಭಾಷೆಯಲ್ಲಿ? ಕನ್ನಡದವರು ಇದು ಮರಾಠಿಯವರ ಕೆಲಸ ಎನ್ನುತ್ತಾರೆ, ಮರಾಠಿಯವರು ಇದರ ಹಿಂದೆ ಕರ್ನಾಟಕದವರಿದ್ದಾರೆ ಎನ್ನುತ್ತಾರೆ. ನಮ್ಮ ಭಾಗದಲ್ಲಿ ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಅಜ್ಜಿಯ ಜೊತೆ ಒಂದು ಭಾಷೆ, ಸೋದರಮಾವನ ಜೊತೆ ಇನ್ನೊಂದು. ಈ ಮನೆಯ ಹುಡುಗ ಪುಣೆಗೆ ಹೋದರೆ ಅವನ ಮರಾಠಿಯ ಎಳೆತ ಕೇಳಿ ‘ಕಾನಡಿ’ ಎಂದು ನಗುತ್ತಾರೆ, ಬೆಂಗಳೂರಿಗೆ ಹೋದರೆ ಅವನ ಕನ್ನಡ ಕೇಳಿ ‘ಮಹಾರಾಷ್ಟ್ರದವನಾ?’ ಎನ್ನುತ್ತಾರೆ. ನೇಸರಿ ಎಂದರೆ ಪುಣೆಯವರಿಗೆ 1674ರಲ್ಲಿ ಪ್ರತಾಪರಾವ ಗುಜರ ಏಳೇ ಜನ ಸೇರಿ ಶತ್ರುವಿನ ಮೇಲೆ ಬಿದ್ದು ಮಡಿದ ಊರೆಂದು ಗೊತ್ತು, ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ಅದೇ ಊರಿನ ಹುಡುಗ ಬಾಡಿಗೆ ಕೇಳಲು ಬಂದಾಗ ಆ ಅಭಿಮಾನ ಎಲ್ಲಿ ಹೋಗುತ್ತದೋ! ಫಲಕ ಎರಡೂ ಲಿಪಿಯಲ್ಲಿರಲಿ. ಅಡುಗೆಮನೆಯಲ್ಲಿ ಯಾವ ಭಾಷೆ ನಡೆಯಬೇಕೆಂದು ಅಡುಗೆಯ ಮಾವಶಿ ನಿಶ್ಚಯಿಸಲಿ.

ಕೊನೆಗೆ ಉಳಿಯುವುದು ನಿಜಕ್ಕೂ ಯೋಚಿಸಬೇಕಾದ ಆಕ್ಷೇಪ: ‘ನಡೆಸುವವರು ಯಾರು? ಎರಡು ವರ್ಷ ಉತ್ಸಾಹ, ಮೂರನೆಯ ವರ್ಷ ಲೆಕ್ಕದ ಜಗಳ, ನಾಲ್ಕನೆಯ ವರ್ಷ ಬೀಗ.’ ಇದಕ್ಕೆ ನನ್ನ ಹತ್ತಿರ ಖಾತ್ರಿ ಇಲ್ಲ, ಯಾರ ಹತ್ತಿರವೂ ಇರಲಾರದು. ಲೆಕ್ಕ ಪ್ರತಿ ತಿಂಗಳೂ ಗೋಡೆಗೆ ಅಂಟಿಸಬೇಕು, ಸಮಿತಿಯಲ್ಲಿ ರಾಜಕಾರಣದ ಹುದ್ದೆಯಲ್ಲಿರುವವರು ಇರಬಾರದು, ಓದುವ ಮಕ್ಕಳಿಬ್ಬರು ಇರಲೇಬೇಕು ಎಂದು ಬರೆದಿಟ್ಟಿದ್ದೇವೆ. ನಡೆಸಲು ಬಾರದ ಜನ ನಾವಲ್ಲ. ಗಡಹಿಂಗ್ಲಜದಲ್ಲಿ ಖೋಲಿ ಮಾಡಿಕೊಂಡು ಓದುತ್ತಿದ್ದ ಹುಡುಗರಿಗೆ ಹಳ್ಳಿಗಳಿಂದ ಎಸ್.ಟಿ.ಯಲ್ಲಿ ಡಬ್ಬಿ ಹೋಗುತ್ತಿದ್ದ ಕಾಲ ನೆನಪಿರುವವರು ಇನ್ನೂ ಇದ್ದಾರೆ. ಅಲ್ಯೂಮಿನಿಯಂ ಡಬ್ಬಿ, ಮುಚ್ಚಳದ ಮೇಲೆ ಎಣ್ಣೆಬಣ್ಣದಲ್ಲಿ ಹೆಸರು, ಬಿಚ್ಚಿಕೊಳ್ಳದ ಹಾಗೆ ಸೀರೆಯ ಅಂಚಿನಿಂದ ಗಂಟು. ಒಳಗೆ ಜೋಳದ ಭಕ್ಕರಿ, ಝುಣಕ, ಮೇಲಿನ ಬಟ್ಟಲಲ್ಲಿ ಹಿಂಡಿ. ಡ್ರೈವರನ ಹಿಂದೆ ಸಾಲಾಗಿ ಇಟ್ಟ ಡಬ್ಬಿಗಳು ಸ್ಟ್ಯಾಂಡಿನಲ್ಲಿ ಇಳಿದು, ಸಂಜೆ ಖಾಲಿಯಾಗಿ ತಿರುಗಿ ಊರಿಗೆ ಬರುತ್ತಿದ್ದವು. ರಸೀದಿ ಇರಲಿಲ್ಲ, ಸಮಿತಿಯೂ ಇರಲಿಲ್ಲ, ಆದರೂ ಒಬ್ಬರ ಡಬ್ಬಿ ಇನ್ನೊಬ್ಬರ ಕೈಗೆ ಹೋದದ್ದು ಅಪರೂಪ.

ಪುಣೆಯಲ್ಲಿ, ಬೆಳಗಾವಿಯಲ್ಲಿ ನೌಕರಿ ಮಾಡಿ ಎರಡನೆಯ ಮನೆ ಕೊಂಡಿಟ್ಟ ನಮ್ಮ ತಾಲೂಕಿನವರು ಎಷ್ಟೋ ಜನರಿದ್ದಾರೆ. ಬಾಡಿಗೆಗೆ ಕೊಟ್ಟರೆ ಗೋಡೆ ಹಾಳಾಗುತ್ತದೆಂದು ಬೀಗ ಹಾಕಿಟ್ಟ ಫ್ಲಾಟುಗಳೂ ಅವರಲ್ಲಿವೆ. ಜಾಗ ಕೊಂಡು ಕಟ್ಟಡ ಕಟ್ಟುವ ತನಕ ನಾವು ಕಾಯುವುದಿಲ್ಲ. ಮೂರು ವರ್ಷಕ್ಕೆ, ನೋಂದಾಯಿತ ಕರಾರಿನ ಮೇಲೆ, ಒಂದೊಂದು ಫ್ಲಾಟು ನಮಗೆ ಕೊಡಿ. ಗೋಡೆಗೆ ಸುಣ್ಣ ನಾವೇ ಹೊಡೆಸುತ್ತೇವೆ. ಹನ್ನೆರಡನೆಯ ತರಗತಿಯ ನಿಕಾಲು ಬಂದ ಮೇಲೆ ಪ್ರವೇಶದ ಓಡಾಟ ಶುರುವಾಗುತ್ತದೆ, ಅದಕ್ಕೂ ಮೊದಲು ಕೀಲಿ ನಮ್ಮ ಕೈಗೆ ಬರಲಿ.